ಈ ಹಲ್ಲು ತುಂಬಿದ್ದು ಯಾರು?

ಅಪ್ಪಾ,

ನೀನು ಸತ್ತಮೇಲೆ ಇವತ್ತೇ ಮೊದಲ ಸಲ ಹಲ್ಲಿನ ಡಾಕ್ಟರ ಹತ್ರ ಹೋಗಿದ್ದೆ. ಬಾಯೊಳಗೆ ಲೈಟು ಬಿಟ್ಟು ನೋಡಿದವನೇ, "ಯಾರಪ್ಪಾ ಈ ದವಡೆಹಲ್ಲು ತುಂಬಿದ್ದು? ಹಲ್ಲು ಯಾವುದು, ಸಿಮೆಂಟು ಯಾವುದು ಗೊತ್ತೇ ಆಗಲ್ವಲ್ಲ, ಭೇಷ್!" ಅಂದ.

ನಂಗೆ ಮೈಯೆಲ್ಲಾ ಉರಿದುಹೋಯ್ತು. ನಾವು ದೇಶದ ಗಡಿ ದಾಟಿ ಬಂದಾಗ, ನಿನ್ನ ಡಾಕ್ಟರ್ ರಿಜಿಸ್ಟ್ರೇಷನ್ ಇಲ್ಲಿ ನಡೆಯಲ್ಲ ಅಂದಿದ್ದು ಈ ಹಲ್ಲಿನ ಡಾಕ್ಟರುಗಳ ಕೌನ್ಸಿಲ್ಲೇ ತಾನೆ? ಅಷ್ಟು ವರ್ಷ ಹಲ್ಲು ನೋಡಿದ ಕೈಗೆ ಬ್ರೆಡ್ಡಿನ ವ್ಯಾನಿನ ಸ್ಟೇರಿಂಗ್ ಹಿಡಿಸಿದ್ರಲ್ಲ, ದರಿದ್ರದವರು! ಬೈಯೋಣ ಅಂದ್ರೆ ಬಾಯ್ತುಂಬ ಹತ್ತಿ.

ಹತ್ತಿ ತೆಗೆದು, "ಹೇಳಪ್ಪಾ, ಯಾರು?" ಅಂದ.

"ನಮ್ಮಪ್ಪ. ಹಲ್ಲಿನ ಡಾಕ್ಟ್ರು."

ಇಲ್ಲಿಗೆ ಬಂದಮೇಲೆ, ನಾನು ಸ್ಕೂಲು ಮುಗಿಸೋವರೆಗೂ, ನಿಮ್ಮಪ್ಪ ಏನ್ಮಾಡ್ತಾರೆ ಅಂತ ಯಾರು ಕೇಳಿದ್ರೂ "ಡ್ರೈವರ್" ಅಂತಿದ್ದೆ. ನೀನು ಪಕ್ಕದಲ್ಲೇ ನಿಂತು ಹೂಂ ಅಂತಿದ್ದೆ.