ಜೊತೆಗೆ ಯಾರು ಬರ್ತಾರೆ?

ಅಮ್ಮಾ,

ನೀನು ತೀರಿಕೊಂಡು ಇಪ್ಪತ್ತು ವರ್ಷವಾಯಿತು. ನಿನ್ನ ಸಕ್ಕರೆ ಕಾಯಿಲೆ ಈಗ ನನಗೂ ಬಂದಿದೆ, ನಿನ್ನ ದಪ್ಪ ಮೈಯೂ ಬಂದಿದೆ. ನರೀನ್ ಊರಿನ ನಮ್ಮ ಮನೆಯ ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಎರಡು ಸಲ ಕೂರುತ್ತೇನೆ.

ತೂಕ ಇಳಿಸುವ ಆಪರೇಷನ್ ಬಗ್ಗೆ ಮಾತಾಡಲು ಇವತ್ತು ಇಸ್ತಾಂಬುಲ್‌ನ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಮಾಡಿಸಿಕೊಳ್ಳಲೋ ಬೇಡವೋ ಎಂದು ನಾನಿನ್ನೂ ಹೊಯ್ದಾಡುತ್ತಿದ್ದೆ.

"ಹೊಟ್ಟೆ ಕುಯ್ಸಿಕೊಂಡು ಬಂದ್ರೆ ನನ್ನ ಕುರಿಮಾಂಸದ ಬೆಶ್ಬರ್ಮಾಕ್ ತಿನ್ನೋರ್ಯಾರೇ? ಹಳ್ಳೀಲಿ ಕುರಿ ಸಾಕಿದ್ದೆಲ್ಲ ದಂಡ!" ಅಂತ ಅತ್ತೆ ಪಕ್ಕದಲ್ಲೇ ಗೊಣಗಿದರು.

ಫೋನಿನ ಹುಡುಗಿ ನಮ್ಮ ಕಿರ್ಗಿಜ್ ಭಾಷೆಯಲ್ಲೇ ಕೇಳಿದಳು: "ಜೊತೆಗೆ ಯಾರು ಬರ್ತಾರೆ ಅಕ್ಕಾ? ಒಬ್ಬರಾದ್ರೂ ಇರಲೇಬೇಕು."

ಮಗಳು ನುರ್ಪೇಯಿಲ್ ಫೋನ್ ಕಸಿದುಕೊಂಡು, "ನಾನು ಬರ್ತೀನಿ. ಪರೀಕ್ಷೆ ಮುಂದಿನ ವರ್ಷ ಬರೆದ್ರಾಯ್ತು" ಅಂದಳು. ಅವಳಿಗೆ ಹತ್ತೊಂಬತ್ತು.

ನೀನು ಬಿಷ್ಕೆಕ್ ಆಸ್ಪತ್ರೆಗೆ ಒಬ್ಬಳೇ ಬಸ್ಸು ಹತ್ತಿದಾಗ ನನಗೂ ಅಷ್ಟೇ ವಯಸ್ಸು. ಪರೀಕ್ಷೆ ಇದೆ, ಜೊತೆಗೆ ಬರೋಕಾಗಲ್ಲ ಅಂತ ನಾನು ಅಂದಿದ್ದೆ. ಅವತ್ತು ಕಾಲೇಜಿಗೆ ರಜೆ ಇತ್ತು, ಅಮ್ಮಾ.

ನವ್ರೂಜ್ ಹಬ್ಬ ಮುಗಿದ ಮೇಲೆ ಹೊರಡುತ್ತೇವೆ. ವಿಮಾನದ ಬೆಲ್ಟು ನನಗೆ ಸಾಲದೇ ಹೋದರೆ ಎಂದು ಹೆದರಿಕೆ.

"ಸಾಲದಿದ್ರೆ ಉದ್ದದ್ದು ಕೊಡ್ತಾರಮ್ಮ. ನೀನು ಸುಮ್ನೆ ಕೂತ್ಕೋ, ಎಲ್ರಿಗೂ ಕೇಳಿಸೋ ಹಾಗೆ ನಾನೇ ಕೇಳ್ತೀನಿ, ಅದ್ರಲ್ಲಿ ನಾಚ್ಕೆ ಏನಿದೆ" ಅಂದಿದ್ದಾಳೆ ನುರ್ಪೇಯಿಲ್.