ನಿಮ್ಮ ಎತ್ತರದ ಕನ್ನಡಿ

ಮನೆ, ನಿಮ್ಮ ಆರಾಮಕುರ್ಚಿಯಿಂದ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅತ್ತೇ,

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಎಡಗಣ್ಣಿನ ಔಷಧಿಯನ್ನು ಯಾರಾದರೂ ನೆನಪಿಟ್ಟು ಹಾಕುತ್ತಾರೋ, ಇಲ್ಲ ನೀವೇ ಅಂದಾಜಿನ ಮೇಲೆ ಹಣೆಗೊಂದು ಹನಿ, ಕೆನ್ನೆಗೊಂದು ಹನಿ ಹಾಕಿಕೊಂಡು "ಆಯ್ತು ಬಿಡೇ" ಅನ್ನುತ್ತೀರೋ? ಫೋನಿನಲ್ಲಿ ಕೇಳಿ ಪ್ರಯೋಜನವಿಲ್ಲ. ನೀವು ಚೆನ್ನಾಗಿದ್ದೀನಿ ಅನ್ನುತ್ತೀರಿ, ನಾನೂ ಚೆನ್ನಾಗಿದ್ದೀನಿ ಅನ್ನುತ್ತೇನೆ, ನಡುವೆ ನಿಮ್ಮ ಮಗಳು ಸ್ಪೀಕರ್ ಹಾಕಿಕೊಂಡು ಇಬ್ಬರ ಮಾತನ್ನೂ ತಾನೇ ಆಡಿ ಮುಗಿಸುತ್ತಾಳೆ. ನಿಮ್ಮ ಮಗ ತನ್ನ ತಂಗಿಗೆ ಕಲೆಕ್ಟರಮ್ಮ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅದಕ್ಕೇ ಕಾಗದ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಭೂತಗನ್ನಡಿ ಹಿಡಿದು ನೀವೇ ಓದಿಕೊಳ್ಳಿ. ದಮ್ಮಯ್ಯ, ಬೇರೆ ಯಾರ ಕೈಲೂ ಓದಿಸಬೇಡಿ.

ನನಗೆ ಹರ್ನಿಯಾ ಆಪರೇಷನ್ ಆಯಿತೆಂದು ಕಲೆಕ್ಟರಮ್ಮ ಹೇಳಿರಬೇಕು. ಅವಳಿಗೆ ಹಾಗೆಂದು ಹೇಳಿದವಳು ನಾನೇ. ಅಂಗಡಿಯಲ್ಲೂ ಅದನ್ನೇ ಹೇಳಿದ್ದೇನೆ. ಹರ್ನಿಯಾವೂ ಇಲ್ಲ, ಮಣ್ಣೂ ಇಲ್ಲ. ನನ್ನ ಹೊಟ್ಟೆಯ ಆ ಜೋಲುಚರ್ಮವನ್ನು ಕತ್ತರಿಸಿ ತೆಗೆಸಿಕೊಂಡೆ ಅತ್ತೆ. ಈ ಸೊಂಟದಿಂದ ಆ ಸೊಂಟದವರೆಗೆ ಒಂದು ಗೆರೆ ಹೊಲಿಗೆ. ನಿಮಗೆ ಗೊತ್ತಲ್ಲ, ನಿಮ್ಮ ಮಗ ಹೋದಮೇಲೆ ತುತ್ತು ಗಂಟಲಲ್ಲಿ ಇಳಿಯದೆ ನಾನು ಕರಗಿದ್ದು. ಮೈ ಕರಗಿತು, ಚೀಲ ಮಾತ್ರ ಹಾಗೇ ಉಳಿಯಿತು. ಡ್ರೈಕ್ಲೀನ್ ಅಂಗಡಿಯಲ್ಲಿ ದಿನವಿಡೀ ಇಸ್ತ್ರಿ ಮೇಜಿನ ಮುಂದೆ, ಆ ಹಬೆಯಲ್ಲಿ ನಿಂತರೆ ಮಡಿಕೆಯೊಳಗೆ ಬೆವರು ನಿಂತು ಬೆಂದುಹೋಗುತ್ತಿತ್ತು. ಸಂಜೆ ಬಂದು ಬಾಗಿಲು ಹಾಕಿಕೊಂಡು ನಿಮ್ಮ ಮುಂದೆ ನಿಂತರೆ ನೀವು ಒಂದು ಕೈಯಲ್ಲಿ ಅದನ್ನೆತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಪೌಡರ್ ಹಾಕುತ್ತಿದ್ದಿರಿ. "ಕತ್ತರಿ ಕೊಡೇ ಇಲ್ಲಿ, ಕಚಕ್ ಅಂತ ಕತ್ತರಿಸಿ ಕೈಗೆ ಕೊಡ್ತೀನಿ" ಅನ್ನುತ್ತಿದ್ದಿರಿ. ನೀವು ಮಗಳ ಮನೆಗೆ ಹೋದಮೇಲೆ ಅಲ್ಲಿ ಪೌಡರ್ ಹಾಕಲು ನನಗೆ ಮೂರನೆಯ ಕೈ ಬೇಕಾಯಿತು. ಹುಣ್ಣಾಯಿತು. ಕೊನೆಗೆ ನೀವು ಹೇಳಿದ್ದನ್ನೇ ಡಾಕ್ಟರಮ್ಮನ ಕೈಲಿ ಮಾಡಿಸಿಕೊಂಡೆ. ಊರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ. ಗಂಡ ಇಲ್ಲದವಳಿಗೆ ಚಪ್ಪಟೆ ಹೊಟ್ಟೆ ಯಾಕಂತೆ, ಯಾರಿಗೆ ತೋರಿಸಲಿಕ್ಕಂತೆ ಎಂದು ಶುರುಮಾಡುತ್ತಾರೆ. ನಿಮಗೆ ಮಾತ್ರ ನಿಜ ಹೇಳುತ್ತಿದ್ದೇನೆ, ಆ ಬೆಂದ ಮಡಿಕೆ ನೋಡಿದವರು ನೀವೊಬ್ಬರೇ.

ಆಸ್ಪತ್ರೆಯ ಕಥೆ ಕೇಳಿ. ಸೇರಿಸಿಕೊಳ್ಳುವಾಗ ಒಬ್ಬಳು ನರ್ಸು, ಒಳ್ಳೇ ಗುಂಡುಗುಂಡಗೆ ಇದ್ದಾಳೆ, "ಜೊತೇಲಿ ಯಾರಮ್ಮ ಇರ್ತಾರೆ?" ಅಂದಳು. ಯಾರೂ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ನಮ್ಮತ್ತೆ ಬರ್ತಾ ಇದ್ದಾರೆ" ಅಂದುಬಿಟ್ಟೆ. ಆಪರೇಷನ್ ಆಗಿ ಕಣ್ಣುಬಿಟ್ಟಾಗ ಅವಳದ್ದೇ ಮುಖ. "ಎಲ್ರೀ ನಿಮ್ಮತ್ತೆ?" "ಬಸ್ಸಲ್ಲಿದ್ದಾರೆ" ಅಂದೆ. ಮಾರನೆಯ ದಿನವೂ ಬಸ್ಸಿನಲ್ಲೇ ಇದ್ದಿರಿ. ಪಕ್ಕದ ಮಂಚದವಳಿಗೆ ಗಂಡ, ಅಮ್ಮ, ಇಬ್ಬರು ಅಕ್ಕಂದಿರು, ಸರದಿಯ ಮೇಲೆ ಬಂದು ಕೂರುತ್ತಿದ್ದರು. ಅವರೂ ನಿಮಗಾಗಿ ಕಾಯತೊಡಗಿದರು. ಬಾಗಿಲು ಕಿರ್ರೆಂದರೆ ಸಾಕು, ವಾರ್ಡಿಗೆ ವಾರ್ಡೇ ಆ ಕಡೆ ತಿರುಗುತ್ತಿತ್ತು. ನಾಚಿಕೆಗೆಟ್ಟ ನಾನೂ ತಿರುಗುತ್ತಿದ್ದೆ. ಹೇಳಿದ್ದು ಸುಳ್ಳು ಅಂತ ಗೊತ್ತಿದ್ದೂ ಕಾದೆನಲ್ಲ ಅತ್ತೆ, ಅದೇ ಅಳು ತರಿಸುತ್ತದೆ. ಮನೆಗೆ ಕಳಿಸುವ ದಿನ ಆ ನರ್ಸು ನನ್ನ ಚೀಲ ಹಿಡಿದುಕೊಂಡು ಆಟೋದವರೆಗೂ ಬಂದಳು. "ಅಲ್ಲಮ್ಮ, ನಿಮ್ಮತ್ತೆ ಬಸ್ಸು ಚಂದ್ರಲೋಕದಿಂದ ಹೊರಟಿದೆಯಾ?" ಅಂದಳು. ನಕ್ಕೆ. ನಕ್ಕದ್ದಕ್ಕೆ ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬಂತು. ನೋವಿನ ನೀರೇ ಎಂದು ಅವಳು ತಿಳಿದುಕೊಂಡಳು, ಒಳ್ಳೆಯದಾಯಿತು.

ಈಗ ಮನೆಯಲ್ಲಿದ್ದೇನೆ. ಹೊಟ್ಟೆಯ ಚರ್ಮ ಎಳೆದು ಹೊಲಿದಿರುವುದರಿಂದ ನೆಟ್ಟಗೆ ನಿಲ್ಲಬಾರದಂತೆ, ಕೆಲವು ದಿನ ಬಾಗಿಯೇ ನಡೆಯಬೇಕಂತೆ. ಥೇಟ್ ನಿಮ್ಮ ಹಾಗೆ! ಒಂದು ಕೈ ಗೋಡೆಗೆ, ಕಣ್ಣು ನೆಲಕ್ಕೆ. ಸೊಂಟಕ್ಕೆ ಬಿಗಿಯಾದ ಬೆಲ್ಟು, ಎರಡು ಪಕ್ಕದಿಂದಲೂ ಒಂದೊಂದು ಕೊಳವೆ, ಕೊಳವೆಯ ತುದಿಗೆ ನೀರು ಬಸಿಯುವ ಪುಟ್ಟ ಬುರುಡೆ, ಎಲ್ಲಿ ಹೋದರೂ ಅವೂ ನನ್ನ ಜೊತೆ. ಹೊಕ್ಕುಳನ್ನು ಕೂಡ ಹೊಸ ಜಾಗದಲ್ಲಿ ಕೂರಿಸಿದ್ದಾರೆ. ನೀವಿದ್ದಿದ್ದರೆ "ಮತ್ತೆ ಹುಟ್ಟಿದೆಯಲ್ಲೇ, ಈ ಸಲವಾದರೂ ಬುದ್ಧಿ ಕಲಿ" ಅನ್ನುತ್ತಿದ್ದಿರಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಕಾಲ ಬಂತು ನೋಡಿ, ಬೆನ್ನು ಬಾಗುವ ಕಾಲ. ಒಂದೇ ಕಾಲ ಬಂದರೂ ಒಂದೇ ಮನೆಯಲ್ಲಿ ಬರಲಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಬಾಗಿದ ಮೇಲೆ ಈ ಮನೆ ಬೇರೆಯೇ ಆಗಿಬಿಟ್ಟಿದೆ. ನಿಮ್ಮ ಮಗ ನಿಮಗೋಸ್ಕರ ಗೋಡೆಗೆ ತಗ್ಗಿನಲ್ಲಿ ಹೊಡೆದ ಆ ಮೊಳೆಗಳಿಲ್ಲವೇ, ಟವೆಲ್ಲಿಗೊಂದು, ಚೀಲಕ್ಕೊಂದು, ಇಷ್ಟು ವರ್ಷ ನನ್ನ ತೊಡೆಗೆ ತಾಗಿ ತಾಗಿ ಎಷ್ಟು ನೈಟಿ ಹರಿದಿವೆ! ಈಗ ಕೈ ಚಾಚಿದರೆ ಎಲ್ಲವೂ ಅಲ್ಲಲ್ಲೇ ಸಿಗುತ್ತವೆ. ದೀಪದ ಸ್ವಿಚ್ಚಿಗೆ ಅವರು ಕಟ್ಟಿದ ದಾರ ನೇರ ಬೆರಳಿಗೇ ಬರುತ್ತದೆ. ಮಲಗಿದರೆ ಅರ್ಧ ಕೂತ ಹಾಗೇ ಮಲಗಬೇಕು ಅಂದರು ಡಾಕ್ಟರಮ್ಮ, ನಿಮ್ಮ ಆರಾಮಕುರ್ಚಿ ಅದಕ್ಕೆಂದೇ ಮಾಡಿಸಿದ ಹಾಗಿದೆ. ಇನ್ನು ಆ ಕನ್ನಡಿ. ನಡುಮನೆಯ ಬಾಗಿಲ ಪಕ್ಕ ನಿಮ್ಮ ಎತ್ತರಕ್ಕೆ ಹಾಕಿದ ಕನ್ನಡಿಯಲ್ಲಿ ನಾನು ಯಾವತ್ತೂ ಮುಖ ನೋಡಿಕೊಂಡವಳಲ್ಲ. ಹೋಗುತ್ತಾ ಬರುತ್ತಾ ಅದರಲ್ಲಿ ಕಾಣುತ್ತಿದ್ದದ್ದು ನನ್ನ ಹೊಟ್ಟೆ ಒಂದೇ. ಬೆಳಿಗ್ಗೆ ಎದ್ದರೆ ಹೊಟ್ಟೆ, ಕೆಲಸಕ್ಕೆ ಹೊರಟರೆ ಹೊಟ್ಟೆ. "ಇದನ್ನ ಮೇಲಕ್ಕೆ ಹಾಕ್ರಿ, ನನ್ನ ಹೊಟ್ಟೆ ನೋಡಿ ನೋಡಿ ನನಗೇ ಸಾಕಾಗಿದೆ" ಅಂದರೆ "ನಮ್ಮಮ್ಮ ಏಣಿ ಹಾಕ್ಕೊಂಡು ತಲೆ ಬಾಚ್ಕೋಬೇಕಾ?" ಅನ್ನುತ್ತಿದ್ದರು. ಆಸ್ಪತ್ರೆಯಿಂದ ಬಂದ ದಿನ ಬಾಗಿಕೊಂಡು ಒಳಗೆ ಕಾಲಿಟ್ಟೆ, ಕನ್ನಡಿಯಲ್ಲಿ ಯಾರೋ ಹೆಂಗಸು ಎದುರಾದಳು. ನಾನೇ! ನಿಮ್ಮ ಹಾಗೆ ಕತ್ತು ಮುಂದೆ ಚಾಚಿಕೊಂಡು, ನಿಮ್ಮ ಹಾಗೆ ಹುಬ್ಬೆತ್ತಿಕೊಂಡು. ಹಣೆಯ ಮೇಲೆ ಬಿಳಿಕೂದಲು ಬಂದಿದೆ ಅತ್ತೆ, ನನಗೆ ಹೇಳುವವರೇ ಇರಲಿಲ್ಲ.

ಒಬ್ಬಳೇ ಇರುವುದು ಕಷ್ಟ. ಬಾಯಿಬಿಟ್ಟು ಹೇಳುತ್ತಿದ್ದೇನೆ, ಬಹಳ ಕಷ್ಟ. ಮೇಲಿನ ಮನೆಯ ಬಸ್ ಡ್ರೈವರನ ಹೆಂಡತಿ ಬೆಳಿಗ್ಗೆ ಹಾಲು ಬ್ರೆಡ್ಡು ಇಟ್ಟು, ಬಕೆಟ್ಟಿಗೆ ನೀರು ತುಂಬಿಸಿಟ್ಟು ಹೋಗುತ್ತಾಳೆ, ಪುಣ್ಯಾತಗಿತ್ತಿ. ಆಮೇಲೆ ಸಂಜೆಯವರೆಗೂ ನಾನು, ಗೋಡೆ, ಗಡಿಯಾರ. ಮೊನ್ನೆ ಸೀನು ಬಂತು. ಸೀನಿದರೆ ಪ್ರಾಣ ಹೋಗುತ್ತದೆ ಎಂದು ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ತಡೆದು ತಡೆದು, ಕೊನೆಗೆ ಸೀನಿಯೇ ಬಿಟ್ಟೆ. ನೋವಿಗಿಂತ ಹೆಚ್ಚಾಗಿ, ಸೀನಿದ ಮೇಲೆ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲವಲ್ಲ, ಅದಕ್ಕೆ ದುಃಖವಾಯಿತು. ಈಗೀಗ ಕನ್ನಡಿಯ ಹತ್ತಿರ ಹೋಗಿ "ತಿಂಡಿ ಆಯ್ತೇನೇ?" ಎಂದು ನಿಮ್ಮ ದನಿಯಲ್ಲಿ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ತಲೆ ಕೆಟ್ಟಿಲ್ಲ, ಹೆದರಬೇಡಿ. ನಾಲಿಗೆಗೆ ತುಕ್ಕು ಹಿಡಿಯಬಾರದಲ್ಲ, ಅದಕ್ಕೆ.

ಕಲೆಕ್ಟರಮ್ಮ ನಿಮ್ಮನ್ನು ಕರೆದುಕೊಂಡು ಹೋದ ದಿನ "ಒಂದು ತಿಂಗಳು ಅಷ್ಟೇ" ಅಂದಿದ್ದಳು. ನೀವೂ ಸಣ್ಣ ಚೀಲ ಹಿಡಿದಿರಿ, ಸ್ವೆಟರ್ ತೆಗೆದುಕೊಳ್ಳಿ ಅಂದರೆ "ಚಳಿಗೆ ಮೊದಲು ಬರ್ತೀನಲ್ಲೇ" ಅಂದಿರಿ. ಚಳಿ ಬಂದು ಹೋಗಿ ಮತ್ತೆ ಬರುತ್ತಿದೆ. ಹೋದ ವಾರ ಅವಳು ಫೋನಿನಲ್ಲಿ "ಅಮ್ಮ ಇನ್ನು ಇಲ್ಲೇ ಇರ್ತಾಳೆ, ಅವಳ ಬಟ್ಟೆ ಕಟ್ಟಿ ಕಳಿಸಿಬಿಡಿ, ಮಂಚ ಯಾರಿಗಾದ್ರೂ ಕೊಟ್ಬಿಡಿ" ಅಂದಳು. ಮಗನೇ ಇಲ್ಲದ ಮನೆಯಲ್ಲಿ ಅಮ್ಮ ಯಾಕಿರಬೇಕು ಎಂಬುದು ಅವಳ ಮಾತು. ಕೆಟ್ಟವಳಲ್ಲ, ನಿಮ್ಮನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಾಳೆ, ಗೊತ್ತು. ಒಂದು ಲೋಟ ಎತ್ತಿಡಲೂ ಬಿಡುವುದಿಲ್ಲವಂತೆ. ನಾನು ಏನೆಂದು ವಾದ ಮಾಡಲಿ? ಅವಳು ಹೊಟ್ಟೆಯಲ್ಲಿ ಹುಟ್ಟಿದವಳು. ನಾನು ನಿಮ್ಮ ಮಗನ ಕೈ ಹಿಡಿದು ಬಂದವಳು, ಆ ಕೈಯೇ ಈಗ ಇಲ್ಲ. ಹೂಂ ಅಂದೆ, ಫೋನಿಟ್ಟೆ. ಬಟ್ಟೆ ಕಟ್ಟಲಿಲ್ಲ. ಮಂಚ ಅಲ್ಲೇ ಇದೆ. ಅದರ ಮೇಲೆ ನಿಮ್ಮ ಸ್ವೆಟರ್ ಇದೆ.

ಕೈ ಸೋತಿತು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮೆಟ್ಟಿಲ ಹತ್ತಿರ ಹುಷಾರು. ನಿಮ್ಮ ಮಗಳಿಗೂ ಅಳಿಯಂದಿರಿಗೂ ನಾನು ಕೇಳಿದೆನೆಂದು ತಿಳಿಸಿ. ಬಗ್ಗಿ ನಿಮ್ಮ ಕಾಲು ಮುಟ್ಟುತ್ತಿದ್ದೇನೆ ಎಂದುಕೊಳ್ಳಿ, ಹೇಗೂ ಬಗ್ಗಿಯೇ ಇದ್ದೇನೆ, ಹೆಚ್ಚೇನೂ ಶ್ರಮವಿಲ್ಲ.

ಇತಿ, ನಿಮ್ಮ
ಸೊಸೆ

ಮರೆತಿದ್ದೆ: ಈ ಕಾಗದ ನಿಮ್ಮ ಕೈಗೆ ಕೊಟ್ಟವನು ಮೇಲಿನ ಮನೆಯ ಡ್ರೈವರ್. ಈಗ ನಿಮ್ಮ ಮಗಳ ಊರಿನ ಬಸ್ಸಿಗೇ ಹಾಕಿದ್ದಾರೆ ಅವನನ್ನು. ಬುಧವಾರ ಬೆಳಿಗ್ಗೆ ಮತ್ತೆ ಆ ಕಡೆಯಿಂದ ಹೊರಡುತ್ತಾನೆ, ತನ್ನ ಹಿಂದಿನ ಸೀಟು ಹಿಡಿದಿಡುತ್ತಾನಂತೆ, ಇಲ್ಲಿ ಬಾಗಿಲವರೆಗೂ ಕೈ ಹಿಡಿದು ತರುತ್ತಾನಂತೆ. ನಿಮ್ಮನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಕರೆದರೆ ನಿಮ್ಮ ಮಗಳು ಬಿಡುವುದಿಲ್ಲ, ಆ ಕೆಲಸ ಅವಳೇ ಚೆನ್ನಾಗಿ ಮಾಡುತ್ತಾಳೆ. ನನ್ನನ್ನು ನೋಡಿಕೊಳ್ಳಲು ಬನ್ನಿ. "ಸೊಸೆಗೆ ಆಪರೇಷನ್ ಆಗಿದೆ, ನನ್ನ ಬಿಟ್ರೆ ಅವಳಿಗೆ ಯಾರೂ ಇಲ್ಲ, ನಾನು ಹೋಗ್ಬೇಕು" ಅಂತ ಜೋರಾಗಿ ಹೇಳಿ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕೆಲವೇ ದಿನದಲ್ಲಿ ನಾನು ನೆಟ್ಟಗಾಗುತ್ತೇನೆ, ಆಮೇಲೆ ಆ ಕನ್ನಡಿಯಲ್ಲಿ ಮತ್ತೆ ನನ್ನ ಮುಖ ಕಾಣುವುದಿಲ್ಲ, ಅದರಲ್ಲಿ ನೋಡಿಕೊಳ್ಳುವವರು ನೀವೇ ಬೇಕು. ಗುರುವಾರ ಕೊಳವೆ ತೆಗೆಸಲು ಆಸ್ಪತ್ರೆಗೆ ಹೋಗಬೇಕು. ಆ ನರ್ಸು ಕೇಳದೆ ಬಿಡುವವಳಲ್ಲ. ನೀವು ಬಸ್ಸಿನಲ್ಲಿದ್ದೀರಿ ಎಂದು ವಾರ್ಡಿಗೆಲ್ಲ ಹೇಳಿಬಿಟ್ಟಿದ್ದೇನೆ ಅತ್ತೆ. ಹತ್ತಿಬಿಡಿ.