ಏಳು ಕೆ.ಜಿ. ಬಿಲ್ಲು

ಜೂನ್ 2, ರವಿವಾರ

ರಾಣೆಬೆನ್ನೂರಿನಿಂದ ಬರಿಗೈಲಿ ವಾಪಸ್. ಅಂಗಡಿಯಲ್ಲಿ ಇದ್ದದ್ದು ಪ್ಲಾಸ್ಟಿಕ್ ಆಟಿಕೆ, ಇಲ್ಲವೇ ದೊಡ್ಡವರ ಬಿಲ್ಲು. ಕುಪ್ಪೇಲೂರಿನಲ್ಲಿ ಮಾಡಿಸಿದ ಬಿದಿರು ಬಿಲ್ಲು ಎರಡನೇ ಎಳೆತಕ್ಕೇ ಸೀಳಿತ್ತು. ಮಗಳು ಭುವನಾಗೆ ಹತ್ತು ವರ್ಷ. ಜುಲೈ 14ಕ್ಕೆ ಹಾವೇರಿಯಲ್ಲಿ ಮಕ್ಕಳ ಬಿಲ್ಲುಗಾರಿಕೆ ತಂಡದ ಆಯ್ಕೆ. ದಿನಾ ಕ್ಯಾಲೆಂಡರ್ ನೋಡುತ್ತಾಳೆ.

ಸಂಜೆ ಪ್ರಭಾಕರನ ಫೋನ್. ಹಾವೇರಿಯಲ್ಲಿ ಮಕ್ಕಳಿಗೆ ಬಿಲ್ವಿದ್ಯೆ ಕಲಿಸುತ್ತಾನೆ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

"ಸುಮ್ನ ಯಾಕ ಊರೂರು ಅಡ್ಡಾಡ್ತಿ? ನಾ ಕೊಡ್ತೀನಿ."

ಜೂನ್ 9

ಬಿಲ್ಲು ಬಂತು. ಬಿದಿರಿನದೇ. ಹಿಡಿಕೆಯ ಹತ್ತಿರ ಅವನ ಕೈಬರಹದ ಚೀಟಿ — 7 ಕೆ.ಜಿ. ಪೂರ್ತಿ ಎಳೆಯಲು ಬೇಕಾದ ಬಲ ಅಂತೆ. ಈ ವಯಸ್ಸಿಗೆ ಅಷ್ಟೇ ಸಾಕಂತೆ. ಅವನೇ ಹೇಳಿದ ಮೇಲೆ ಮುಗಿಯಿತು.

ಜೂನ್ 23

ಹಾವೇರಿಯ ತರಬೇತಿಯಲ್ಲಿ ಭುವನಾಗೆ ಅರ್ಧಕ್ಕಿಂತ ಹೆಚ್ಚು ಎಳೆಯಲಾಗಲಿಲ್ಲ. ಪ್ರಭಾಕರ ಎಲ್ಲರೆದುರು —

"ಏನೋ ಶಶಿಕಾಂತ, ಹುಡುಗಿಗೆ ಊಟಾ ಹಾಕ್ತಿಯೋ ಇಲ್ಲೋ? ಏಳೇ ಕೆ.ಜಿ. ಅದ."

ಎಲ್ಲರೂ ನಕ್ಕರು. ನಾನೂ.

ಬಸ್ಸಿನಲ್ಲಿ, "ಅಪ್ಪಾ, ಭುಜಾ ನೋಯಾಕತ್ತೈತಿ."

"ನೆವ ಹೇಳಬ್ಯಾಡ." ದಿನಕ್ಕೆ ಐವತ್ತು ಸಲ ಎಳೆ ಅಂದೆ.

ಎಳೆದಳು.

ಜುಲೈ 8, ಸೋಮವಾರ

ಬೆಳಿಗ್ಗೆ ತಲೆ ಬಾಚಿಕೊಳ್ಳಲು ಭುವನಾಗೆ ಕೈ ಎತ್ತಲಾಗಲಿಲ್ಲ. ಡಾಕ್ಟರು — ಭುಜದ ಸ್ನಾಯುವಿಗೆ ಪೆಟ್ಟು. ಆರು ವಾರ ಬಿಲ್ಲು ಮುಟ್ಟಬಾರದು. ಆಯ್ಕೆ ಹೋಯಿತು.

ಮಧ್ಯಾಹ್ನ ಬಿಲ್ಲನ್ನು ಬ್ಯಾಡಗಿಯ ನನ್ನ ಅಂಗಡಿಗೆ ಒಯ್ದೆ. ಮೆಣಸಿನಕಾಯಿ ತೂಗುವ ಕಾಟಾದ ಕೊಕ್ಕೆಗೆ ಹುರಿ ಸಿಕ್ಕಿಸಿ, ಭುವನಾಳ ಕೈ ಅಳತೆಯಷ್ಟು ಎಳೆದೆ. 12.4 ಕೆ.ಜಿ. ಮತ್ತೊಮ್ಮೆ. 12.4.

ಬಿಲ್ಲು ಹಿಡಿದಿದ್ದ ಹಮಾಲಿ ಮಾಂತೇಶ ಅಂದ, "ಸಾವ್ಕಾರ್ರ, ಇದನ್ನ ಎಳಿಯಾಕ ನನಗ ಹೇಳ್ರಿ. ಕೂಸಿಗಲ್ಲ."

ಜುಲೈ 9

ಕಾಟಾ ಹಿಡಿದೇ ಹಾವೇರಿಗೆ ಹೋದೆ. ಪ್ರಭಾಕರನ ಪಡಸಾಲೆಯಲ್ಲಿ ಅವನ ಮಗಳು ಪ್ರಿಯಂವದಾಳ ಬಿಲ್ಲು ಇತ್ತು. ಅವಳಿಗೂ ಹತ್ತೇ. ಕೇಳದೆ ತೆಗೆದು ತೂಗಿದೆ. 6.3.

ಚಹಾ ತಂದ ಪ್ರಭಾಕರ ಕಾಟಾ ನೋಡಿ ನಿಂತುಬಿಟ್ಟ.

"ನಿನಗ ಗೊತ್ತಿತ್ತು."

"ಕಾಲೇಜಿನವ್ರು ಬ್ಯಾಡಂದು ವಾಪಸ್ ಕಳಿಸಿದ ಬಿಲ್ಲು, ಶಶಿ. ಅಂಥವು ಹನ್ನೆರಡು ಬಿದ್ದಿದ್ವು. ಎಳದ್ ಎಳದ್ ರೂಢಿ ಆಗ್ತದ ಅನಕೊಂಡೆ."

"ಚೀಟಿ?"

ಚಹಾ ಕೆಳಗಿಟ್ಟ. ಆಮೇಲೆ, "ನೋಯ್ತದಂತ ಹುಡುಗಿ ನಿನಗ ಹೇಳಲಿಲ್ಲೇನು?"

ಚಹಾ ಮುಟ್ಟದೆ ಎದ್ದೆ.

ಉಳಿದ ಹನ್ನೊಂದು ಬಿಲ್ಲು ಯಾವ ಮಕ್ಕಳ ಮನೆಯಲ್ಲಿವೆ? ತರಬೇತಿಗೆ ಬರುವವರಲ್ಲಿ ಹೆಸರು ಕೇಳಿ ತಿಳಿದುಕೊಂಡು ಒಬ್ಬೊಬ್ಬರ ಅಪ್ಪ-ಅಮ್ಮನಿಗೂ ಫೋನ್ ಮಾಡಿದೆ. ಇಬ್ಬರು ನನ್ನನ್ನೇ ಬೈದರು.

ಆಗಸ್ಟ್ 25

ಡಾಕ್ಟರು ಹೂಂ ಅಂದರು. ಹಗುರ ಬಿಲ್ಲು ತಂದು ಭುವನಾಳ ಮುಂದೆ ಹಿಡಿದೆ.

"ಇದು ನೋಯೂದಿಲ್ಲವ್ವಾ."

"ಯಾರ್ ಹೇಳಿದ್ರು?"

"ನಾನ ಹೇಳಾಕತ್ತೇನಲ್ಲ."

ಮುಟ್ಟಲಿಲ್ಲ. ಅಡಿಗೆಮನೆ ಕಡೆ ತಿರುಗಿ ಕೂಗಿದಳು. ಸುರೇಖಾ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಅವ್ವಾ, ಅಪ್ಪ ಹೇಳೂದು ಖರೇ ಏನು?"

ಸುರೇಖಾ ನನ್ನ ಮುಖ ನೋಡಿ, "ಮೊದ್ಲ ಕಾಟಾ ತರ್ರಿ, ಅಕಿ ಮುಂದ ತೂಗಿ ತೋರಸ್ರಿ" ಅಂದಳು.